ತಾತನ ಬಾಯ್ಲರ್ ನೋಟ್‌ಬುಕ್: ಹಳೆಯ ಶಾಖದ ಲೆಕ್ಕವನ್ನು ಜೂಲ್‌ಗೆ ತರುವುದು ಹೇಗೆ?

ಪ್ರಶ್ನೆ: ನಮ್ಮ ತಾತ 1940ರ ದಶಕದಲ್ಲಿ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಅವರ ನೋಟ್‌ಬುಕ್ ಸಿಕ್ಕಿದೆ. ಒಂದು ಪುಟದಲ್ಲಿ ‘ಕಲ್ಲಿದ್ದಲು, ಪೌಂಡಿಗೆ 11,700 ಬಿ.ಟಿಎಚ್.ಯು.’ ಅಂತಿದೆ. ಇನ್ನೊಂದು ಪುಟದಲ್ಲಿ ಅದೇ ಕಲ್ಲಿದ್ದಲಿಗೆ ‘6,500 ಸಿ.ಎಚ್.ಯು.’ ಅಂತ ಬರೆದಿದ್ದಾರೆ. ಕೆಳಗೆ ‘ಎಫ್. ಅಂಡ್ ಎ. 212 = 7.5’ ಅಂತ ಒಂದು ಸಾಲು. ಇದನ್ನೆಲ್ಲ ಜೂಲ್‌ಗೆ ಬದಲಾಯಿಸೋಣ ಅಂತ ಕೂತರೆ, ಒಂದು ಬಿ.ಟಿ.ಯು.ಗೆ ಒಂದು ಕಡೆ 1054, ಇನ್ನೊಂದು ಕಡೆ 1055, ಮತ್ತೊಂದು ಕಡೆ 1059.67 ಜೂಲ್ ಅಂತ ಕೊಡುತ್ತಾರೆ. ಹಳೆಯ ಪುಸ್ತಕವೊಂದರಲ್ಲಿ 772 ಅಂತ ಒಂದು ಸಂಖ್ಯೆ, ಇನ್ನೊಂದರಲ್ಲಿ 778. ಯಾವುದನ್ನು ಹಿಡಿಯಲಿ? ಹಾಗೇ, ಎ.ಸಿ.ಯ ‘ಟನ್’ ಕೂಡ ಇದೇ ಗುಂಪಿನದಾ?

ಉತ್ತರ: ಮೊದಲು ನೆಮ್ಮದಿಯ ಸುದ್ದಿ. ನಿಮ್ಮ ತಾತನ ಎರಡು ಪುಟಗಳಿಗೂ ತಕರಾರಿಲ್ಲ. 11,700ನ್ನು 5ರಿಂದ ಗುಣಿಸಿ 9ರಿಂದ ಭಾಗಿಸಿ. ಸರಿಯಾಗಿ 6,500 ಬರುತ್ತದೆ.

ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡಲು ಬೇಕಾದ ಶಾಖಕ್ಕೆ ಬ್ರಿಟಿಷ್ ಥರ್ಮಲ್ ಯೂನಿಟ್, ಅಂದರೆ ಬಿ.ಟಿ.ಯು. ಅನ್ನುತ್ತಾರೆ. ನಿಮ್ಮ ತಾತನ ‘ಬಿ.ಟಿಎಚ್.ಯು.’ ಇದೇ. ಅದೇ ಪೌಂಡ್ ನೀರನ್ನು ಒಂದು ಡಿಗ್ರಿ ಸೆಂಟಿಗ್ರೇಡ್ ಬಿಸಿ ಮಾಡಿದರೆ ಅದು ಸೆಂಟಿಗ್ರೇಡ್ ಹೀಟ್ ಯೂನಿಟ್, ಅಂದರೆ ಸಿ.ಎಚ್.ಯು. ಕೆಲವು ಹಳೆಯ ಪುಸ್ತಕಗಳಲ್ಲಿ ಇದನ್ನೇ ‘ಪೌಂಡ್ ಕ್ಯಾಲೊರಿ’ ಅಂತಲೂ ಬರೆದಿರುತ್ತಾರೆ. ಒಂದು ಸೆಂಟಿಗ್ರೇಡ್ ಡಿಗ್ರಿಗೆ 1.8 ಫ್ಯಾರನ್‌ಹೀಟ್ ಡಿಗ್ರಿ. ಹಾಗಾಗಿ ಒಂದು ಸಿ.ಎಚ್.ಯು.ಗೆ 1.8 ಬಿ.ಟಿ.ಯು. ಅಷ್ಟೇ.

ಇಲ್ಲಿ ಒಂದು ಅನುಕೂಲ ಇದೆ. ಒಂದು ಪೌಂಡ್ ಕಲ್ಲಿದ್ದಲು 6,500 ಪೌಂಡ್ ನೀರನ್ನು ಒಂದು ಡಿಗ್ರಿ ಏರಿಸುತ್ತದೆ ಅಂದರೆ, ಒಂದು ಕಿಲೊ ಕಲ್ಲಿದ್ದಲು 6,500 ಕಿಲೊ ನೀರನ್ನು ಒಂದು ಡಿಗ್ರಿ ಏರಿಸಲೇಬೇಕು. ತೂಕದ ಮಾನ ಎರಡೂ ಕಡೆ ಹೊಡೆದುಹೋಗುತ್ತದೆ. ಒಂದು ಕಿಲೊ ನೀರನ್ನು ಒಂದು ಡಿಗ್ರಿ ಸೆಂಟಿಗ್ರೇಡ್ ಏರಿಸುವ ಶಾಖವೇ ಕಿಲೊಕ್ಯಾಲೊರಿ. ಅಂದಮೇಲೆ ‘ಪೌಂಡಿಗೆ ಇಷ್ಟು ಸಿ.ಎಚ್.ಯು.’ ಅನ್ನುವ ಸಂಖ್ಯೆಯೇ ‘ಕಿಲೊಗೆ ಇಷ್ಟು ಕಿಲೊಕ್ಯಾಲೊರಿ’ ಕೂಡ. ಏನೂ ಗುಣಿಸಬೇಕಿಲ್ಲ. ಇವತ್ತಿಗೂ ನಮ್ಮ ದೇಶದಲ್ಲಿ ಕಲ್ಲಿದ್ದಲನ್ನು ಗ್ರೇಡ್ ಮಾಡುವುದು ಕಿಲೊಕ್ಯಾಲೊರಿಯಲ್ಲೇ. 2012ರಿಂದ ಜಿ1, ಜಿ2 ಅಂತ 300 ಕಿಲೊಕ್ಯಾಲೊರಿಗೊಂದು ಮೆಟ್ಟಿಲು ಮಾಡಿದ್ದಾರೆ. ನಿಮ್ಮ ತಾತ ಉರಿಸಿದ ಕಲ್ಲಿದ್ದಲು ಅಂದಾಜಿಗೆ ಜಿ3ರಲ್ಲಿ ಕೂರುತ್ತದೆ. ಒಳ್ಳೆಯ ಮಾಲೇ!

ಜೂಲ್‌ಗೆ ತರಬೇಕಾದರೆ ಇನ್ನೊಂದು ಸುಲಭದ ಸಂಖ್ಯೆ ನೆನಪಿಟ್ಟುಕೊಳ್ಳಿ: 2.326. ಪೌಂಡಿಗೆ ಎಷ್ಟು ಬಿ.ಟಿ.ಯು. ಇದೆಯೋ ಅದನ್ನು 2.326ರಿಂದ ಗುಣಿಸಿದರೆ ಕಿಲೊಗೆ ಎಷ್ಟು ಕಿಲೊಜೂಲ್ ಅನ್ನುವುದು ಸಿಗುತ್ತದೆ. 11,700ಕ್ಕೆ 27,214 ಬರುತ್ತದೆ. ಅದನ್ನು ಹಾಗೇ ಬರೆಯಬೇಡಿ. ಕಿಲೊಗೆ 27.2 ಮೆಗಾಜೂಲ್ ಅಂತ ಬರೆಯಿರಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಆ ಮೂರು ಬಿ.ಟಿ.ಯು.ಗಳ ವಿಷಯ. ತಪ್ಪು ಯಾರದೂ ಅಲ್ಲ. ಸಮಸ್ಯೆ ಇರುವುದು ನೀರಿನಲ್ಲಿ. ನೀರು ಎಲ್ಲ ಉಷ್ಣಾಂಶದಲ್ಲೂ ಒಂದೇ ಥರ ಬಿಸಿಯಾಗುವುದಿಲ್ಲ. 0 ಡಿಗ್ರಿ ಸೆಂಟಿಗ್ರೇಡ್ ಹತ್ತಿರ ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4.22 ಜೂಲ್ ಬೇಕು. 15 ಡಿಗ್ರಿಯಲ್ಲಿ 4.1855 ಸಾಕು. 35ರ ಆಸುಪಾಸಿನಲ್ಲಿ 4.178ಕ್ಕೆ ಇಳಿದು, ಅಲ್ಲಿಂದ ಮತ್ತೆ ಏರಿ, ಕುದಿಯುವ ಹೊತ್ತಿಗೆ 4.216 ಆಗಿರುತ್ತದೆ. ಅಂದರೆ ‘ಒಂದು ಡಿಗ್ರಿ’ ಅಂದರೆ ಸಾಲದು, ಎಲ್ಲಿಂದ ಎಲ್ಲಿಗೆ ಅಂತ ಹೇಳಬೇಕು. 39 ಡಿಗ್ರಿ ಫ್ಯಾರನ್‌ಹೀಟ್‌ನ ನೀರು ಹಿಡಿದವರಿಗೆ ಬಿ.ಟಿ.ಯು. 1059.67 ಜೂಲ್ ಆಯಿತು. 59 ಡಿಗ್ರಿ ಹಿಡಿದವರಿಗೆ 1054.80. ಕ್ಯಾಲೊರಿಯ ಕಥೆಯೂ ಇದೇ. 4 ಡಿಗ್ರಿಯ ಕ್ಯಾಲೊರಿ, 15 ಡಿಗ್ರಿಯದು, 20 ಡಿಗ್ರಿಯದು, ಸೊನ್ನೆಯಿಂದ ನೂರರವರೆಗಿನ ಸರಾಸರಿ ಕ್ಯಾಲೊರಿ, ಹೀಗೆ ಒಂದು ದೊಡ್ಡ ಬಳಗವೇ ಇತ್ತು.

ಕೊನೆಗೆ ಜನ ನೀರಿನ ಸಹವಾಸವೇ ಬೇಡ ಅಂತ ತೀರ್ಮಾನಿಸಿದರು. 1948ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆ ಶಾಖಕ್ಕೂ ಜೂಲ್ ಅನ್ನೇ ಮಾನವಾಗಿ ಒಪ್ಪಿತು. ಆಮೇಲೆ ಕ್ಯಾಲೊರಿಗೆ ನೀರಿನ ಲೆಕ್ಕ ಬಿಟ್ಟು, ಜೂಲ್‌ನಲ್ಲೇ ಒಂದು ಬೆಲೆ ಕಟ್ಟಿದರು. ಆದರೆ ಅಲ್ಲೂ ಒಮ್ಮತ ಆಗಲಿಲ್ಲ ನೋಡಿ. ರಸಾಯನಶಾಸ್ತ್ರದವರು 4.184 ಜೂಲ್ ಅಂದರು. ಉಗಿ, ಬಾಯ್ಲರ್, ಟರ್ಬೈನ್ ಕೆಲಸದವರು 1956ರಲ್ಲಿ ಲಂಡನ್ನಿನಲ್ಲಿ ಸೇರಿ 4.1868 ಅಂದರು. ಎರಡೂ ಇವತ್ತಿಗೂ ಬಳಕೆಯಲ್ಲಿವೆ. ಬಿ.ಟಿ.ಯು.ಗಳ 1054.35 ಮತ್ತು 1055.06 ಇವೆರಡರಿಂದಲೇ ಹುಟ್ಟಿದ್ದು. ನಿಮಗೆ ಕಾಣಿಸಿದ 1054 ಮೊದಲನೆಯದು, 1055 ಎರಡನೆಯದು.

ನಿಮ್ಮದು ಬಾಯ್ಲರ್ ಲೆಕ್ಕ. 1055.06 ಹಿಡಿಯಿರಿ. ಆಹಾರದ ಪೊಟ್ಟಣ, ರಾಸಾಯನಿಕ ಕ್ರಿಯೆಗಳ ಕೋಷ್ಟಕ ಆದರೆ 4.184.

ಆದರೆ ಇದಕ್ಕೆ ತಲೆ ಕೆಡಿಸಿಕೊಳ್ಳುವ ಮುಂಚೆ ಒಂದು ಮಾತು. 1054.35ಕ್ಕೂ 1059.67ಕ್ಕೂ ಇರುವ ವ್ಯತ್ಯಾಸ ಬರೀ ಅರ್ಧ ಪರ್ಸೆಂಟ್. ಒಂದೇ ವ್ಯಾಗನ್‌ನ ಎರಡು ಮೂಲೆಯಿಂದ ಕಲ್ಲಿದ್ದಲು ತೆಗೆದು ಸುಟ್ಟರೆ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. 11,700 ಅನ್ನುವುದೇ ನೂರಕ್ಕೆ ಸರಿಪಡಿಸಿದ ಸಂಖ್ಯೆ. ಅದನ್ನು 1055.05585ರಿಂದ ಗುಣಿಸಿ ಎಂಟು ಅಂಕಿ ಬರೆದರೆ ತಾತನ ಅಳತೆ ಇದ್ದಕ್ಕಿದ್ದಂತೆ ನಿಖರವಾಗಿಬಿಡುವುದಿಲ್ಲ. ಅದಕ್ಕೇ 27.2 ಅಂದದ್ದು.

ನಿಜವಾಗಿ ಕಾಲು ಜಾರುವುದು ಬೇರೆ ಕಡೆ.

ಮೊದಲನೆಯದು, ಗ್ರಾಸ್ ಮತ್ತು ನೆಟ್. ಇಂಧನ ಉರಿದಾಗ ಅದರಲ್ಲಿನ ಹೈಡ್ರೋಜನ್ ನೀರಾಗುತ್ತದೆ. ಒಳಗಿದ್ದ ತೇವವೂ ಆವಿಯಾಗಿ ಹೋಗುತ್ತದೆ. ಆ ಆವಿ ಮತ್ತೆ ನೀರಾಗಿ ತನ್ನ ಶಾಖವನ್ನು ವಾಪಸು ಕೊಡುತ್ತದೆ ಅಂತ ಲೆಕ್ಕ ಹಿಡಿದರೆ ಗ್ರಾಸ್. ಅದು ಚಿಮಣಿಯಲ್ಲಿ ಹೋಯಿತು ಅಂತ ಬಿಟ್ಟರೆ ನೆಟ್. ಒಳ್ಳೆಯ ಕಲ್ಲಿದ್ದಲಿಗೆ ಇವೆರಡರ ಅಂತರ ಮೂರರಿಂದ ಐದು ಪರ್ಸೆಂಟ್. ನೈಸರ್ಗಿಕ ಅನಿಲಕ್ಕೆ ಹತ್ತರ ಹತ್ತಿರ. ಇನ್ನು ಸಕ್ಕರೆ ಕಾರ್ಖಾನೆಯ ಬಗಾಸ್ ಇದೆಯಲ್ಲ, ಗಾಣದಿಂದ ಬಂದ ಕಬ್ಬಿನ ಸಿಪ್ಪೆ, ಅದರಲ್ಲಿ ಅರ್ಧ ನೀರೇ. ಗ್ರಾಸ್ ಲೆಕ್ಕದಲ್ಲಿ ಕಿಲೊಗೆ ಸುಮಾರು 2,250 ಕಿಲೊಕ್ಯಾಲೊರಿ ಇದ್ದರೆ, ನೆಟ್ 1,800ರ ಆಸುಪಾಸಿಗೆ ಇಳಿಯುತ್ತದೆ. ಹೆಚ್ಚುಕಡಿಮೆ ಐದನೇ ಒಂದು ಭಾಗವೇ ಹೋಯಿತು! ನೋಟ್‌ಬುಕ್‌ನಲ್ಲಿ ಬಗಾಸ್‌ನ ಪುಟ ಇದ್ದರೆ, ಪಕ್ಕದಲ್ಲಿ ತೇವ ಎಷ್ಟು ಅಂತ ಬರೆದಿದ್ದಾರಾ ನೋಡಿ. ಆ ಒಂದು ಸಂಖ್ಯೆ ಇಲ್ಲದೆ ಯಾವ ಪರಿವರ್ತನೆಗೂ ಅರ್ಥವಿಲ್ಲ.

ಇದು ಹಳೇ ಕಾಲದ ಗೊಂದಲ ಮಾತ್ರ ಅಂದುಕೊಳ್ಳಬೇಡಿ. 2014ರ ಕೊನೆಯಲ್ಲಿ ಕೇಂದ್ರ ಸರ್ಕಾರ ದೇಶೀ ನೈಸರ್ಗಿಕ ಅನಿಲಕ್ಕೆ ಹೊಸ ಬೆಲೆ ಕಟ್ಟಿದಾಗ, ಒಂದು ಮಿಲಿಯನ್ ಬಿ.ಟಿ.ಯು.ಗೆ 5.05 ಡಾಲರ್ ಅಂತ ಒಂದು ಕಡೆ, 5.61 ಡಾಲರ್ ಅಂತ ಇನ್ನೊಂದು ಕಡೆ ಸುದ್ದಿ ಬಂತು. ಎರಡೂ ಸರಿಯೇ. ಮೊದಲನೆಯದು ಗ್ರಾಸ್ ಲೆಕ್ಕ, ಎರಡನೆಯದು ಅದೇ ಬೆಲೆಯ ನೆಟ್ ಲೆಕ್ಕ. ಹಳೆಯ 4.2 ಡಾಲರ್ ನೆಟ್ ಲೆಕ್ಕದ್ದು. ಅದನ್ನು 5.05ರ ಜೊತೆ ನೇರವಾಗಿ ಹೋಲಿಸಿದವರಿಗೆ ಏರಿಕೆ ನಿಜಕ್ಕಿಂತ ಕಮ್ಮಿ ಕಾಣಿಸಿತು.

ಎರಡನೆಯದು, ಒಂದೇ ಅಕ್ಷರಕ್ಕೆ ಎರಡು ಅರ್ಥ. ಹಳೆಯ ಬ್ರಿಟಿಷ್ ಕಾಗದಪತ್ರಗಳಲ್ಲಿ ಬಿ.ಟಿ.ಯು. ಅಂದರೆ ‘ಬೋರ್ಡ್ ಆಫ್ ಟ್ರೇಡ್ ಯೂನಿಟ್’ ಕೂಡ ಆಗಿರಬಹುದು. ಅದು ಒಂದು ಕಿಲೊವ್ಯಾಟ್ ಅವರ್. ನಮ್ಮ ಕರೆಂಟ್ ಬಿಲ್ಲಿನ ‘ಯೂನಿಟ್’ ಇದೇ. ಒಂದು ಕರೆಂಟ್ ಯೂನಿಟ್‌ನಲ್ಲಿ ಶಾಖದ ಬಿ.ಟಿ.ಯು. 3,412 ಇರುತ್ತವೆ. ಕಾರ್ಖಾನೆಯಲ್ಲಿ ಬಾಯ್ಲರ್ ಜೊತೆ ಡೈನಮೊ ಕೂಡ ಇದ್ದರೆ ಎರಡೂ ಒಂದೇ ಪುಸ್ತಕದಲ್ಲಿ ಬಂದಿರಬಹುದು. ನಿಮ್ಮ ತಾತ ‘ಟಿಎಚ್’ ಅಂತ ಬಿಡಿಸಿ ಬರೆದಿರುವುದರಿಂದ ಆ ಪುಟದ ಬಗ್ಗೆ ಅನುಮಾನ ಬೇಡ. ಬರೀ ‘ಬಿ.ಟಿ.ಯು.’ ಅಂತ ಇರುವ ಕಡೆ ಸಂಖ್ಯೆಯ ಗಾತ್ರ ನೋಡಿ ನಿರ್ಧರಿಸಿ.

ಮೂರನೆಯದು ಸಾವಿರದ ತಪ್ಪು. ಗ್ರಾಂ ಕ್ಯಾಲೊರಿಗೂ ಕಿಲೊಕ್ಯಾಲೊರಿಗೂ ಹಳಬರು ಎರಡಕ್ಕೂ ‘ಕ್ಯಾಲೊರಿ’ ಅಂತಲೇ ಬರೆಯುತ್ತಿದ್ದರು. 1820ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ನಿಕೊಲಾ ಕ್ಲೆಮಾಂ ಈ ಮಾನವನ್ನು ಪಾಠದಲ್ಲಿ ಬಳಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಒಂದು ಕಿಲೊ ನೀರು. ಗ್ರಾಂ ಆಮೇಲೆ ಬಂದದ್ದು. ಬಿ.ಟಿ.ಯು.ನಲ್ಲೂ ಇದೇ ಪಾಡು. ಒಂಟಿ ‘ಎಂ’ ರೋಮನ್ ಲೆಕ್ಕದಲ್ಲಿ ಸಾವಿರ, ಜೋಡಿ ‘ಎಂಎಂ’ ಅಂದರೆ ಮಿಲಿಯನ್, ಅಂದರೆ ಹತ್ತು ಲಕ್ಷ. ಒಂದು ಮಿಲಿಯನ್ ಬಿ.ಟಿ.ಯು.ಗೆ 1.055 ಗಿಗಾಜೂಲ್, ಅಥವಾ 293 ಕರೆಂಟ್ ಯೂನಿಟ್.

ಈಗ 772 ಮತ್ತು 778. ನನಗೆ ಇದು ಬಹಳ ಇಷ್ಟದ ವಿಷಯ, ಸ್ವಲ್ಪ ಎಳೆದರೆ ಸಹಿಸಿಕೊಳ್ಳಿ.

ಒಂದು ಬಿ.ಟಿ.ಯು. ಶಾಖ ಹುಟ್ಟಿಸಲು ಎಷ್ಟು ಅಡಿ-ಪೌಂಡ್ ಕೆಲಸ ಮಾಡಬೇಕು ಅನ್ನುವುದೇ ಆ ಸಂಖ್ಯೆ. ಒಂದು ಪೌಂಡ್ ಭಾರವನ್ನು ಒಂದು ಅಡಿ ಎತ್ತುವ ಕೆಲಸ ಒಂದು ಅಡಿ-ಪೌಂಡ್. ಮ್ಯಾಂಚೆಸ್ಟರ್‌ನ ಜೇಮ್ಸ್ ಪ್ರೆಸ್ಕಾಟ್ ಜೂಲ್ ವರ್ಷಗಟ್ಟಲೆ ಅದರ ಹಿಂದೆ ಬಿದ್ದಿದ್ದರು. 1843ರಲ್ಲಿ 838 ಅಂದರು. 1845ರಲ್ಲಿ 890. 1847ರಲ್ಲಿ 781.5. 1850ರಲ್ಲಿ ಅಚ್ಚಾದ ದೊಡ್ಡ ಲೇಖನದಲ್ಲಿ 772ಕ್ಕೆ ಬಂದು ನಿಂತರು. ಭಾರದ ಬಟ್ಟುಗಳು ಕೆಳಗೆ ಇಳಿಯುತ್ತಾ ನೀರಿನೊಳಗಿನ ಹುಟ್ಟುಗಳನ್ನು ತಿರುಗಿಸುವ ಸಲಕರಣೆ ಅದು. ಬಟ್ಟು ಐದು ಅಡಿ ಚಿಲ್ಲರೆ ಇಳಿಯಬೇಕು, ಮತ್ತೆ ಮೇಲೆತ್ತಬೇಕು, ಮತ್ತೆ ಇಳಿಸಬೇಕು, ಹೀಗೆ 20 ಸಲ. ಇಷ್ಟೆಲ್ಲ ಆದಮೇಲೆ ನೀರು ಬಿಸಿಯಾಗುತ್ತಿದ್ದದ್ದು ಅರ್ಧ ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಒಂಚೂರು ಜಾಸ್ತಿ. ಅಷ್ಟರಲ್ಲೇ ಅವರು ಇವತ್ತಿನ ಬೆಲೆಗೆ ಒಂದು ಪರ್ಸೆಂಟಿನ ಒಳಗೆ ಬಂದಿದ್ದಾರೆ ಅಂದರೆ ಆ ಥರ್ಮಾಮೀಟರ್ ಓದುವ ಕಣ್ಣು ಎಂಥದ್ದಿರಬೇಕು! ಇನ್ನೊಂದು ಗಮನಿಸಿ. ಯಾವ ನೀರು ಅಂತಲೂ ಜೂಲ್ ಬರೆದಿಟ್ಟಿದ್ದಾರೆ: 55ರಿಂದ 60 ಡಿಗ್ರಿ ಫ್ಯಾರನ್‌ಹೀಟ್‌ನ ಮಧ್ಯೆ.

ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆನ್ರಿ ರೋಲೆಂಡ್ ಅದನ್ನು ಇನ್ನೂ ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದರು. ಪಾದರಸದ ಥರ್ಮಾಮೀಟರ್‌ಗಳನ್ನು ಗಾಳಿಯ ಥರ್ಮಾಮೀಟರ್‌ಗೆ ಹೋಲಿಸಿದಾಗ ಜೂಲ್‌ರ ಸಂಖ್ಯೆಯಲ್ಲಿದ್ದ ಕೊರತೆಯ ಬಹುಪಾಲು ಎಲ್ಲಿಂದ ಬಂತು ಅಂತ ಗೊತ್ತಾಯಿತು. ಬಿಸಿಯಾದಂತೆ ನೀರಿನ ಶಾಖಧಾರಣೆ ಮೊದಲು ಕಮ್ಮಿಯಾಗುತ್ತದೆ ಅನ್ನುವುದನ್ನು ತೋರಿಸಿದ್ದೂ ಅವರೇ. ಇವತ್ತಿನ ಬೆಲೆ 778.17.

ಹಾಗಾದರೆ ಹಳೇ ಪುಸ್ತಕದ 772ನ್ನು ಎಸೆದುಬಿಡಬೇಕಾ? ಇಲ್ಲ, ಇಲ್ಲೇ ಜಾಗ್ರತೆ ಬೇಕು. 1870ರ ಕಾಲದ ಪುಸ್ತಕವೊಂದರಲ್ಲಿ ‘ಈ ಕಲ್ಲಿದ್ದಲಿನ ಪೌಂಡಿಗೆ 1,08,08,000 ಅಡಿ-ಪೌಂಡ್ ಶಕ್ತಿ’ ಅಂತ ಇದೆ ಅಂದುಕೊಳ್ಳಿ. ಒಂದು ಅಡಿ-ಪೌಂಡಿಗೆ 1.3558 ಜೂಲ್ ಅಂತ ನೇರವಾಗಿ ಗುಣಿಸಿದರೆ ಪೌಂಡಿಗೆ 14.65 ಮೆಗಾಜೂಲ್ ಬರುತ್ತದೆ. ಅದು ತಪ್ಪು. ಆ ಲೇಖಕ ಕಲ್ಲಿದ್ದಲಿನಿಂದ ಯಾವ ಭಾರವನ್ನೂ ಎತ್ತಿಸಿಲ್ಲ. ಶಾಖ ಅಳೆಯುವ ಪಾತ್ರೆಯಲ್ಲಿ (ಕ್ಯಾಲೊರಿಮೀಟರ್) ಸುಟ್ಟು 14,000 ಬಿ.ಟಿ.ಯು. ಅಂತ ಅಳೆದು, ಅದನ್ನು ಆಗಿನ 772ರಿಂದ ಗುಣಿಸಿದ್ದಾರೆ. ನೀವು ಮೊದಲು ಅದೇ 772ರಿಂದ ಭಾಗಿಸಿ 14,000ಕ್ಕೆ ವಾಪಸು ಬರಬೇಕು. ಆಮೇಲೆ 1055.06ರಿಂದ ಗುಣಿಸಿದರೆ 14.77 ಮೆಗಾಜೂಲ್. ಬರೆದವರು ಬಳಸಿದ ಸಂಖ್ಯೆಯಿಂದಲೇ ಅವರ ಲೆಕ್ಕವನ್ನು ಬಿಚ್ಚಬೇಕು, ನಮ್ಮ ಸಂಖ್ಯೆಯಿಂದ ಅಲ್ಲ.

ಹಾಗಾಗಿ ಯಾವ ಹಳೇ ಸಂಖ್ಯೆ ಸಿಕ್ಕರೂ ನಾನು ಮೊದಲು ಕೇಳುವುದು ಒಂದೇ. ಇದರಲ್ಲಿ ಅಳೆದದ್ದು ಯಾವುದು, ಲೆಕ್ಕ ಹಾಕಿ ಪಡೆದದ್ದು ಯಾವುದು?

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. 1783ರಲ್ಲಿ ಪ್ಯಾರಿಸ್‌ನಲ್ಲಿ ಲಾವೊಸಿಯೆ ಮತ್ತು ಲಾಪ್ಲಾಸ್ ಅನ್ನುವ ಇಬ್ಬರು ವಿಜ್ಞಾನಿಗಳು ಒಂದು ಗಿನಿಪಿಗ್ ಅನ್ನು ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಕೂರಿಸಿದರು. ಆಗ ಕ್ಯಾಲೊರಿಯೂ ಇಲ್ಲ, ಜೂಲ್ ಕೂಡ ಇಲ್ಲ. ಎಷ್ಟು ಮಂಜು ಕರಗಿತೋ ಅದೇ ಶಾಖದ ಲೆಕ್ಕ. 10 ಗಂಟೆಯಲ್ಲಿ 13 ಔನ್ಸ್ ಕರಗಿತು. ಇದು ಇಂಗ್ಲಿಷ್ ಔನ್ಸ್ ಅಲ್ಲ, ಹಳೆಯ ಫ್ರೆಂಚ್ ಔನ್ಸ್, 30.6 ಗ್ರಾಂ. ಅಲ್ಲಿಗೆ ಸುಮಾರು 398 ಗ್ರಾಂ ಮಂಜು.

ಮಂಜು ಕರಗಲು ಎಷ್ಟು ಶಾಖ ಬೇಕು ಅಂತಲೂ ಅವರು ಹೇಳಿದ್ದರು: ಅಷ್ಟೇ ತೂಕದ ನೀರನ್ನು 60 ಡಿಗ್ರಿ ಏರಿಸುವಷ್ಟು. ಈ 60 ರಿಯೊಮುರ್ ಡಿಗ್ರಿ. ಆ ಅಳತೆಯಲ್ಲಿ ನೀರು ಕುದಿಯುವುದು 80ಕ್ಕೆ. ಹಾಗಾಗಿ ಸೆಂಟಿಗ್ರೇಡ್‌ನಲ್ಲಿ 75 ಆಯಿತು. ನಿಜವಾದ ಬೆಲೆ 80ಕ್ಕೆ ಹತ್ತಿರ. ಈಗ ಗಿನಿಪಿಗ್‌ನ ಶಾಖ ಲೆಕ್ಕ ಹಾಕಲು ಅವರ 75 ಹಿಡಿಯಬೇಕಾ, ನಮ್ಮದಾ? ಇಲ್ಲಿ ನಮ್ಮದೇ. ಯಾಕೆಂದರೆ ಅವರು ಕಣ್ಣಾರೆ ತೂಗಿದ್ದು ಕರಗಿದ ನೀರನ್ನು. ಒಂದು ಗ್ರಾಂ ಮಂಜಿಗೆ 333.6 ಜೂಲ್ ಅಂತ ಹಿಡಿದರೆ ಒಟ್ಟು 133 ಕಿಲೊಜೂಲ್. 36,000 ಸೆಕೆಂಡಿಗೆ ಹಂಚಿದರೆ 3.7 ವ್ಯಾಟ್. ಆ ಪುಟ್ಟ ಪ್ರಾಣಿಯ ಮೈಯಿಂದ ಒಂದು ಚಿಕ್ಕ ಎಲ್‌ಇಡಿ ಬಲ್ಬಿನಷ್ಟು ಶಾಖ ಹೊರಗೆ ಬರುತ್ತಿತ್ತು.

ನಿಮ್ಮ ‘ಎಫ್. ಅಂಡ್ ಎ. 212 = 7.5’ ಕೂಡ ಇದೇ ಜಾತಿಯದು, ಶಾಖವನ್ನು ತೂಕದಲ್ಲಿ ಹೇಳುವುದು. 212 ಡಿಗ್ರಿ ಫ್ಯಾರನ್‌ಹೀಟ್‌ನ ನೀರನ್ನು ಅದೇ 212 ಡಿಗ್ರಿಯ ಉಗಿ ಮಾಡಿದರೆ, ಒಂದು ಪೌಂಡ್ ಕಲ್ಲಿದ್ದಲಿಗೆ 7.5 ಪೌಂಡ್ ಉಗಿ ಅಂತ ಅರ್ಥ. ‘ಫ್ರಂ ಅಂಡ್ ಅಟ್ 212’ ಅನ್ನುವುದರ ಚುಟುಕು ಅದು. ಬೇರೆ ಬೇರೆ ಒತ್ತಡದ, ಬೇರೆ ಬೇರೆ ನೀರು ಊಡಿಸುವ ಬಾಯ್ಲರ್‌ಗಳನ್ನು ಒಂದೇ ತಕ್ಕಡಿಗೆ ತರಲು ಎಂಜಿನಿಯರ್‌ಗಳು ಮಾಡಿಕೊಂಡಿದ್ದ ಉಪಾಯ. ಪೌಂಡಿಗೆ ಪೌಂಡ್ ಆದ್ದರಿಂದ ಕಿಲೊಗೂ 7.5 ಕಿಲೊ. ಒಂದು ಕಿಲೊ ನೀರು ಹಾಗೆ ಉಗಿಯಾಗಲು 2.257 ಮೆಗಾಜೂಲ್ ಬೇಕು. 7.5ಕ್ಕೆ 16.9 ಮೆಗಾಜೂಲ್. ಕಲ್ಲಿದ್ದಲು ಕೊಟ್ಟದ್ದು 27.2. ಭಾಗಿಸಿದರೆ 62 ಪರ್ಸೆಂಟ್. ಆ ಬಾಯ್ಲರ್‌ನ ದಕ್ಷತೆ ಅಷ್ಟು. ಕೈಯಲ್ಲಿ ಕಲ್ಲಿದ್ದಲು ಎರಚುವ ಬಾಯ್ಲರ್ ಆಗಿದ್ದರೆ ನಾಚಿಕೆಪಡುವ ಸಂಖ್ಯೆಯೇನಲ್ಲ.

ಒಂದು ಸಣ್ಣ ಎಚ್ಚರಿಕೆ. ಈ 7.5 ನೇರವಾಗಿ ತೂಗಿದ್ದಲ್ಲ. ನಿಜವಾಗಿ ಬಂದ ಉಗಿಯನ್ನು ತೂಗಿ, ಆಗಿನ ಸ್ಟೀಮ್ ಟೇಬಲ್ (ಉಗಿಯ ಶಾಖದ ಕೋಷ್ಟಕ) ನೋಡಿ 212ರ ಲೆಕ್ಕಕ್ಕೆ ತಂದದ್ದು. 19ನೇ ಶತಮಾನದ ಪುಸ್ತಕಗಳಲ್ಲಿ ಪೌಂಡ್ ಉಗಿಗೆ 966 ಬಿ.ಟಿ.ಯು. ಅಂತ ಇರುತ್ತದೆ, ಈಗಿನದು 970.3. ನಿಮ್ಮದರಲ್ಲಿ ಹಳೆಯದನ್ನೇ ಬಳಸಿದ್ದರೂ ಅರ್ಧ ಪರ್ಸೆಂಟಿಗಿಂತ ಜಾಸ್ತಿ ಆಚೀಚೆ ಆಗುವುದಿಲ್ಲ. ಬಿಟ್ಟುಬಿಡಿ.

ನಮ್ಮ ರಾಯಚೂರಿನಂಥ ಕಲ್ಲಿದ್ದಲು ಸ್ಥಾವರಗಳಲ್ಲಿ ಈಗ ಇದೇ ಮಾತನ್ನು ‘ಹೀಟ್ ರೇಟ್’ ಅಂತ ಹೇಳುತ್ತಾರೆ. ಒಂದು ಯೂನಿಟ್ ಕರೆಂಟಿಗೆ ಎಷ್ಟು ಕಿಲೊಕ್ಯಾಲೊರಿ ಸುಟ್ಟಿರಿ ಅಂತ. ಒಂದು ಯೂನಿಟ್ ಅಂದರೆ 860 ಕಿಲೊಕ್ಯಾಲೊರಿ. ಹೀಟ್ ರೇಟ್ 2,400 ಇದ್ದರೆ 860ನ್ನು ಅದರಿಂದ ಭಾಗಿಸಿ, 36 ಪರ್ಸೆಂಟ್ ಹತ್ತಿರ ಬರುತ್ತದೆ.

2012ಕ್ಕಿಂತ ಹಿಂದಿನ ನಮ್ಮ ಕಲ್ಲಿದ್ದಲು ಕಾಗದಗಳು ಕೈಗೆ ಬಂದರೆ ಮಾತ್ರ ಹುಷಾರು. ಅಲ್ಲಿ ‘ಯೂಸ್‌ಫುಲ್ ಹೀಟ್ ವ್ಯಾಲ್ಯೂ’ ಅಂತ ಇರುತ್ತದೆ. ಅದು ಅಳೆದದ್ದೇ ಅಲ್ಲ. ಬೂದಿಯ ಪರ್ಸೆಂಟಿಗೆ ತೇವದ ಪರ್ಸೆಂಟ್ ಕೂಡಿಸಿ, 138ರಿಂದ ಗುಣಿಸಿ, 8,900ರಿಂದ ಕಳೆದ ಸೂತ್ರ. ಬೂದಿ 30, ತೇವ 8 ಇದ್ದರೆ 3,656 ಬರುತ್ತದೆ. ಪಕ್ಕದಲ್ಲಿ ಕಿಲೊಕ್ಯಾಲೊರಿ ಅಂತಲೇ ಬರೆದಿದ್ದರೂ, 4.1868ರಿಂದ ಗುಣಿಸಿ ಅದನ್ನು ಗ್ರಾಸ್ ಬೆಲೆ ಅಂತ ಹೇಳುವ ಹಾಗಿಲ್ಲ. ಬೂದಿ ಜಾಸ್ತಿ ಇರುವ ನಮ್ಮ ಕಲ್ಲಿದ್ದಲಿಗೆ ನಿಜವಾದ ಗ್ರಾಸ್ ಬೆಲೆ ಸಾಮಾನ್ಯವಾಗಿ ಅದಕ್ಕಿಂತ ಸಾಕಷ್ಟು ಮೇಲಿರುತ್ತದೆ.

ಇನ್ನು ಎ.ಸಿ.ಯ ಟನ್. ಹೌದು, ಇದೇ ಗುಂಪಿನದು, ಲಾವೊಸಿಯೆಯ ಮಂಜಿಗೆ ಹತ್ತಿರದ ನೆಂಟ. 24 ಗಂಟೆಯಲ್ಲಿ ಒಂದು ಟನ್ ಮಂಜು ಕರಗಿ ಎಷ್ಟು ತಂಪು ಕೊಡುತ್ತದೋ ಅಷ್ಟು ಅಂತ ಅರ್ಥ. ಟನ್ ಅಂದರೆ ಇಲ್ಲಿ ಅಮೆರಿಕದ ಟನ್, 2,000 ಪೌಂಡ್. ಒಂದು ಪೌಂಡ್ ಮಂಜಿಗೆ 144 ಬಿ.ಟಿ.ಯು. ಹಾಗಾಗಿ ದಿನಕ್ಕೆ 2,88,000, ಗಂಟೆಗೆ 12,000 ಬಿ.ಟಿ.ಯು. ಅಂದರೆ 3.517 ಕಿಲೊವ್ಯಾಟ್. ನಿಮ್ಮ ಮನೆಯ ಒಂದೂವರೆ ಟನ್ ಎ.ಸಿ. ಪೂರ್ತಿ ಓಡುವಾಗ ಕೋಣೆಯಿಂದ ಹೊರಗೆ ಹಾಕುವ ಶಾಖ ಸುಮಾರು 5.3 ಕಿಲೊವ್ಯಾಟ್. ಅದು ಎಳೆಯುವ ಕರೆಂಟ್ ಬೇರೆ, ಇದರ ಮೂರನೇ ಒಂದು ಭಾಗದಷ್ಟೋ ಇನ್ನೂ ಕಮ್ಮಿಯೋ ಇರುತ್ತದೆ. ಅದನ್ನು ಬಾಕ್ಸಿನ ಲೇಬಲ್‌ನಲ್ಲಿ ವ್ಯಾಟ್ ಲೆಕ್ಕದಲ್ಲಿ ಬೇರೆಯಾಗಿ ಬರೆದಿರುತ್ತಾರೆ.